ಅಂಚೆಚೀಟಿಯಲ್ಲಿ ಕಾರು: ಮೋಟಾರು ಇತಿಹಾಸದ ಸ್ಟಾಂಪ್ ಸಂಗ್ರಹ ಶುರು ಮಾಡುವುದು ಹೇಗೆ

ನನ್ನ ಆಲ್ಬಮ್‌ನ ಮೊದಲ ಪುಟದಲ್ಲಿ ಒಂದೇ ಒಂದು ಸ್ಟಾಂಪ್ ಇದೆ. 1937ರದ್ದು, ಬೆಲೆ 8 ಆಣೆ, ಬಣ್ಣ ನೇರಳೆ ಬೆರೆತ ಬೂದು. ಒಂದು ಕಡೆ ಆರನೇ ಜಾರ್ಜ್ ದೊರೆಯ ಮುಖ, ಪಕ್ಕದಲ್ಲಿ ಅಂಚೆ ಹೊತ್ತ ಲಾರಿ. ಆ ವರ್ಷದ ಸರಣಿಯಲ್ಲಿ ಟಪಾಲು ಸಾಗಿಸುವ ಎಲ್ಲಾ ಬಗೆಯೂ ಇತ್ತು. 2 ಆಣೆಗೆ ಈಟಿ ಹಿಡಿದು ಓಡುವ ಅಂಚೆಯವನು, ಎರಡೂವರೆ ಆಣೆಗೆ ಎತ್ತಿನ ಗಾಡಿ, 3 ಆಣೆಗೆ ಟಾಂಗಾ, ಮೂರೂವರೆಗೆ ಒಂಟೆ, 4ಕ್ಕೆ ರೈಲು, 6ಕ್ಕೆ ಹಡಗು, 8ಕ್ಕೆ ಲಾರಿ, 12ಕ್ಕೆ ವಿಮಾನ. ಬೆಲೆ ಏರಿದ ಹಾಗೆ ವೇಗವೂ ಏರುತ್ತದೆ ಅಂತ ಮೊದಲು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಹಡಗು ರೈಲಿಗಿಂತ ಮೇಲಿದೆ, ಲಾರಿ ಹಡಗಿಗಿಂತಲೂ ಮೇಲಿದೆ! ಇಷ್ಟು ಯೋಚಿಸಲು ಬೇಕಾಗಿದ್ದು ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಾಗದದ ಚೂರು, ಒಂದು ಭೂತಗನ್ನಡಿ, ಅರ್ಧ ಗಂಟೆ ಸಮಯ ಅಷ್ಟೇ.

ಕಾರು, ಬಸ್ಸು, ಲಾರಿ, ಬೈಕುಗಳ ಸ್ಟಾಂಪ್ ಸೇರಿಸಬೇಕು ಅನ್ನುವ ಆಸೆ ಇರುವ ಬೆಂಗಳೂರಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇರೆ ಊರಿನವರಿಗೂ ಉಪಯೋಗಕ್ಕೆ ಬರುತ್ತದೆ, ಅಂಗಡಿ ಬೀದಿಗಳ ಹೆಸರು ಮಾತ್ರ ಬದಲಾಗುತ್ತದೆ.

ಮೊದಲು ಕಥೆ, ಆಮೇಲೆ ಸ್ಟಾಂಪ್

ಜಗತ್ತಿನಲ್ಲಿ ಕಾರಿನ ಚಿತ್ರ ಇರುವ ಸ್ಟಾಂಪ್‌ಗಳು ಸಾವಿರಾರು. ಎಲ್ಲವನ್ನೂ ಸೇರಿಸುತ್ತೇನೆ ಅಂತ ಹೊರಟರೆ 2 ವರ್ಷದಲ್ಲಿ ದುಡ್ಡು ಖಾಲಿ, ಆಸಕ್ತಿಯೂ ಖಾಲಿ. ಅದಕ್ಕೇ ಮೊದಲ ಕೆಲಸ ಒಂದು ಕಥೆ ಆರಿಸಿಕೊಳ್ಳುವುದು. ಒಂದೇ ವಾಕ್ಯದಲ್ಲಿ ಹೇಳಲು ಬರುವಂಥ ಕಥೆ. 'ಕುದುರೆ ಗಾಡಿಯಿಂದ ಕಾರು ಹೇಗೆ ಹುಟ್ಟಿತು' ಅನ್ನುವುದು ಒಂದು ಕಥೆ. 'ಅಂಚೆ ಹೊತ್ತ ವಾಹನಗಳು' ಇನ್ನೊಂದು. ರೇಸ್ ಇಷ್ಟ ಇದ್ದರೆ ಮೊನಾಕೊ ಗ್ರಾಂಡ್ ಪ್ರೀ, ಬೈಕ್ ಇಷ್ಟ ಇದ್ದರೆ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸ್. ಆ ಪುಟ್ಟ ದ್ವೀಪ ತನ್ನ ರೇಸ್ ಬಗ್ಗೆ ಮತ್ತೆ ಮತ್ತೆ ಸ್ಟಾಂಪ್ ತಂದಿದೆ.

ನನ್ನ ಮೆಚ್ಚಿನದು ಮಾತ್ರ ಬೇರೆ. 'ಕರೆಂಟಿನಿಂದ ಓಡುವ ಕಾರು' ಅನ್ನುವ ಕಥೆ. ಇದಕ್ಕೆ ಕಾರಣ ಇದೆ. ಕಾರಿನ ಚಿತ್ರ ಇರುವ ಜಗತ್ತಿನ ಮೊದಲ ಸ್ಟಾಂಪ್ ಬಂದದ್ದು ಅಮೆರಿಕದಲ್ಲಿ, 1901ರಲ್ಲಿ, ಬಫಲೊ ನಗರದ ಪ್ಯಾನ್ ಅಮೆರಿಕನ್ ವಸ್ತುಪ್ರದರ್ಶನದ ಸಮಯದಲ್ಲಿ. ಬೆಲೆ 4 ಸೆಂಟ್. ಅದರಲ್ಲಿರುವುದು ಪೆಟ್ರೋಲ್ ಕಾರಲ್ಲ, ಎಲೆಕ್ಟ್ರಿಕ್ ಕಾರು! ವಾಷಿಂಗ್ಟನ್‌ನಲ್ಲಿ ಒಂದು ರೈಲ್ವೆ ಕಂಪನಿ ತನ್ನ ಪ್ರಯಾಣಿಕರಿಗಾಗಿ ಓಡಿಸುತ್ತಿದ್ದ ಗಾಡಿ ಅದು. ಕುದುರೆ ಬಿಚ್ಚಿದ ಸಾರೋಟಿನ ಹಾಗೆ ಕಾಣುತ್ತದೆ. ಇದಾಗಿ ಸರಿಯಾಗಿ 100 ವರ್ಷಕ್ಕೆ, 2001ರಲ್ಲಿ, ನಮ್ಮ ಬೆಂಗಳೂರಿನಲ್ಲೇ ತಯಾರಾದ ಎಲೆಕ್ಟ್ರಿಕ್ ಕಾರು ರೇವಾ ರಸ್ತೆಗಿಳಿಯಿತು. ಪುಟಾಣಿ ರೇವಾ ಎಂ.ಜಿ. ರಸ್ತೆಯಲ್ಲಿ ಸದ್ದಿಲ್ಲದೆ ಹೋಗುವುದನ್ನು ನೋಡಿದವರಿಗೆ ಆ 4 ಸೆಂಟಿನ ಸ್ಟಾಂಪ್ ನೋಡಿದಾಗ ಮೈ ಜುಮ್ಮೆನ್ನದೆ ಇರುವುದಿಲ್ಲ.

ಇನ್ನೊಂದು ಮಾತು. ಕಾರಿನ ಕಥೆ ಹೇಳುವ ಸ್ಟಾಂಪ್‌ನಲ್ಲಿ ಕಾರಿನ ಚಿತ್ರ ಇರಲೇಬೇಕು ಅಂತ ಏನೂ ಇಲ್ಲ. 1960ರ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಸ್ಟಾಂಪ್ ಬಂತು, ಅವರು ಬದುಕಿದ್ದಾಗಲೇ. 15 ನಯೇ ಪೈಸೆಯದು. ಅವರನ್ನು ನಾವೆಲ್ಲ ಕೆಆರ್‌ಎಸ್ ಅಣೆಕಟ್ಟಿನ ಜೊತೆ ನೆನೆಯುತ್ತೇವೆ. ಆದರೆ 1930ರ ದಶಕದಲ್ಲಿ ಭಾರತದಲ್ಲೇ ಕಾರು ತಯಾರಾಗಬೇಕು ಅಂತ ಹಟ ಹಿಡಿದು ವಿದೇಶದ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದವರೂ ಅವರೇ. ಆ ಕನಸಿಗೆ ಕೈಜೋಡಿಸಿದವರು ವಾಲ್‌ಚಂದ್ ಹಿರಾಚಂದ್. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಶುರು ಮಾಡಿದರು, ಅದೇ ಇವತ್ತಿನ ಎಚ್‌ಎಎಲ್. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಶುರುವಾಯಿತು, ಮುಂದೆ ಪದ್ಮಿನಿ ಕಾರು ಬಂದದ್ದು ಅಲ್ಲಿಂದ. ವಾಲ್‌ಚಂದ್ ಅವರ ಸ್ಟಾಂಪ್ 2004ರಲ್ಲಿ ಬಂತು. ಈ ಎರಡು ಸ್ಟಾಂಪ್ ಅಕ್ಕಪಕ್ಕ ಇಟ್ಟು ಕೆಳಗೆ ನಾಲ್ಕು ಸಾಲು ಬರೆದರೆ ಭಾರತದ ಕಾರು ಉದ್ಯಮದ ಒಂದು ಅಧ್ಯಾಯವೇ ಆಯಿತು. ಎರಡಕ್ಕೂ ದೊಡ್ಡ ಖರ್ಚೇನೂ ಇಲ್ಲ.

ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ತುದಿ ಚಪ್ಪಟೆ ಇರುವ ಸ್ಟಾಂಪ್ ಚಿಮಟ ಒಂದು. ಹುಬ್ಬು ಕೀಳುವ ಚಿಮಟ ಬೇಡ, ಕಾಗದ ತೂತಾಗುತ್ತದೆ. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ. ಕಪ್ಪು ಹಾಳೆಗಳ ಒಂದು ಸ್ಟಾಕ್‌ಬುಕ್, ಅಂದರೆ ಸ್ಟಾಂಪ್ ಅಂಟಿಸದೆ ಪಟ್ಟಿಗಳ ಹಿಂದೆ ಸಿಕ್ಕಿಸಿಡುವ ಪುಸ್ತಕ. ಸ್ಟಾಂಪ್ ಅಂಚಿನ ಹಲ್ಲು ಎಣಿಸುವ ಪರ್ಫೊರೇಶನ್ ಗೇಜ್. ಇಷ್ಟಿದ್ದರೆ ಸಾಕು.

ಸ್ಟಾಕ್‌ಬುಕ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ನಾನು ಶುರುವಿನಲ್ಲಿ ಮದುವೆ ಫೋಟೋ ಹಾಕುವ ಪ್ಲಾಸ್ಟಿಕ್ ಆಲ್ಬಮ್‌ನಲ್ಲಿ ಸ್ಟಾಂಪ್ ಇಟ್ಟಿದ್ದೆ. ಎರಡು ಮಳೆಗಾಲ ಕಳೆಯುವ ಹೊತ್ತಿಗೆ ಪ್ಲಾಸ್ಟಿಕ್ ಜಿಡ್ಡು ಜಿಡ್ಡಾಗಿ, ಹೊಸ ಸ್ಟಾಂಪ್‌ಗಳ ಅಂಟು ಅದಕ್ಕೆ ಕಚ್ಚಿಕೊಂಡಿತ್ತು. ಬಿಡಿಸಲು ಹೋದರೆ ಒಂದು ಜಾಗ್ವಾರ್ ಕಾರಿನ ಮುಂದಿನ ಚಕ್ರ ಪ್ಲಾಸ್ಟಿಕ್ ಜೊತೆಗೇ ಎದ್ದು ಬಂತು. ಆ ಚಕ್ರ ಇಲ್ಲದ ಸ್ಟಾಂಪ್ ಇವತ್ತಿಗೂ ಇಟ್ಟುಕೊಂಡಿದ್ದೇನೆ. ಪಿವಿಸಿ ಪ್ಲಾಸ್ಟಿಕ್ ಹತ್ತಿರಕ್ಕೂ ಬರಬಾರದು ಅನ್ನುವುದನ್ನು ನೆನಪಿಡಿ.

ಬೆಂಗಳೂರಿನಲ್ಲಿ ಎಲ್ಲಿ ಹುಡುಕಬೇಕು

ಮೊದಲು ಹೋಗಬೇಕಾದ ಜಾಗ ಜಿಪಿಒ, ಅಂದರೆ ಪ್ರಧಾನ ಅಂಚೆ ಕಚೇರಿ. ವಿಧಾನಸೌಧ ಅಥವಾ ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಅಲ್ಲಿರುವ ಫಿಲಾಟೆಲಿಕ್ ಬ್ಯೂರೊದಲ್ಲಿ (ಸಂಗ್ರಹಕಾರರಿಗೆ ಸ್ಟಾಂಪ್ ಮಾರುವ ವಿಭಾಗ) ಹೊಸ ಸ್ಟಾಂಪ್, ಒಂದೆರಡು ಸ್ಟಾಂಪ್ ಇರುವ ಪುಟ್ಟ ಹಾಳೆಯಾದ ಮಿನಿಯೇಚರ್ ಶೀಟ್, ಬಿಡುಗಡೆಯ ದಿನದ ಮುದ್ರೆ ಇರುವ ಮೊದಲ ದಿನದ ಲಕೋಟೆ ಎಲ್ಲಾ ಮುಖಬೆಲೆಗೇ ಸಿಗುತ್ತವೆ. 200 ರೂಪಾಯಿ ಕಟ್ಟಿ ಫಿಲಾಟೆಲಿಕ್ ಡಿಪಾಸಿಟ್ ಅಕೌಂಟ್ ತೆರೆದರೆ ಹೊಸ ಬಿಡುಗಡೆಗಳನ್ನು ಮನೆಗೇ ಕಳಿಸುತ್ತಾರೆ, ಅದರ ಬೆಲೆ ಖಾತೆಯಿಂದ ಕಳೆಯುತ್ತಾ ಹೋಗುತ್ತದೆ. ಅಕೌಂಟ್ ತೆರೆದು ಸುಮ್ನೆ ಕೂರಬೇಡಿ, ಆಗಾಗ ಕೌಂಟರ್‌ಗೆ ಹೋಗಿ ಹಳೇ ಸ್ಟಾಕ್ ಏನಿದೆ ಕೇಳಿ. ಕೇಳಿದವರಿಗೆ ಸಿಗುತ್ತದೆ.

ಅಲ್ಲೇ ಕೇಳಬೇಕಾದ ಮುಖ್ಯ ಐಟಂ ಒಂದಿದೆ. 2017ರಲ್ಲಿ ಭಾರತೀಯ ಅಂಚೆ ಇಲಾಖೆ ಕಾಲಕಾಲಕ್ಕೆ ಬದಲಾದ ಸಾರಿಗೆಯ ಬಗ್ಗೆ 20 ಸ್ಟಾಂಪ್‌ಗಳ ದೊಡ್ಡ ಸರಣಿ ತಂದಿತು. ಪಲ್ಲಕ್ಕಿ, ಪ್ರಾಣಿ ಎಳೆಯುವ ಗಾಡಿ, ರಿಕ್ಷಾ, ವಿಂಟೇಜ್ ಕಾರು, ಬಸ್ಸು, ಮೆಟ್ರೋ ತನಕ. 1937ರ ಸರಣಿಯನ್ನೂ ಇದನ್ನೂ ಎದುರುಬದುರು ಪುಟದಲ್ಲಿ ಇಟ್ಟು ನೋಡಿ, 80 ವರ್ಷದ ಅಂತರ ಕಣ್ಣಿಗೆ ಹೊಡೆಯುತ್ತದೆ. ಕೌಂಟರ್‌ನಲ್ಲಿ ಮುಗಿದಿದ್ದರೆ ಡೀಲರ್‌ಗಳ ಹತ್ತಿರ ಹುಡುಕಿ, ಬಿಡಬೇಡಿ.

ಮ್ಯೂಸಿಯಂ ರಸ್ತೆಯ ಅಂಚೆ ಕಚೇರಿ ಕಟ್ಟಡದಲ್ಲಿ ಸಂದೇಶ್ ಅನ್ನುವ ಸಂವಹನ ಮ್ಯೂಸಿಯಂ ಇದೆ. ಅಂಚೆ ಹೇಗೆ ಸಾಗುತ್ತಿತ್ತು ಅನ್ನುವುದು ತಲೆಯಲ್ಲಿ ಕೂರಬೇಕಾದರೆ ಅಲ್ಲಿ ಒಂದು ಗಂಟೆ ಕಳೆಯಿರಿ.

ಹಳೇದಕ್ಕೆ ಭಾನುವಾರ ಬೆಳಿಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್, ಅವೆನ್ಯೂ ರಸ್ತೆಯ ಹಳೇ ಪುಸ್ತಕದವರು. ಸ್ಟಾಂಪ್ ಇದೆಯಾ ಅಂತ ಕೇಳಬೇಡಿ, 'ಹಳೇ ಕಾಗದ ಪತ್ರ ಏನಾದ್ರೂ ಇದ್ಯಾ' ಅಂತ ಕೇಳಿ. ಗ್ಯಾರೇಜ್, ಬಸ್ ಕಂಪನಿ, ಬಿಡಿಭಾಗದ ಅಂಗಡಿಗಳ ಹೆಸರು ಅಚ್ಚಾದ ಹಳೇ ಲಕೋಟೆ ಸಿಕ್ಕರೆ ಅದನ್ನು ಹಾಗೇ ಇಡೀ ಕೊಳ್ಳಿ. ಮೇಲಿನ ಸ್ಟಾಂಪ್ ಸಾಧಾರಣದ್ದಾದರೂ ಪರವಾಗಿಲ್ಲ. ದೊಡ್ಡ ಕಂಪನಿಗಳು ಸ್ಟಾಂಪ್ ಬದಲು ಯಂತ್ರದಿಂದ ಒತ್ತುತ್ತಿದ್ದ ಕೆಂಪು ಮೀಟರ್ ಮುದ್ರೆಯ ಪಕ್ಕದಲ್ಲಿ ಕೆಲವೊಮ್ಮೆ ಸಣ್ಣ ಜಾಹೀರಾತು ಇರುತ್ತದೆ. ಮೋಟಾರು ಕಂಪನಿಯದ್ದು ಸಿಕ್ಕರೆ ಅದೃಷ್ಟ ಅನ್ನಿ.

ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯ ಜೊತೆ ಸಂಪರ್ಕ ಇಟ್ಟುಕೊಳ್ಳಿ, ರಾಜ್ಯಮಟ್ಟದ ಅಂಚೆಚೀಟಿ ಪ್ರದರ್ಶನ ಕರ್ನಾಪೆಕ್ಸ್ ನಡೆದಾಗ ತಪ್ಪಿಸಬೇಡಿ. ಪ್ರದರ್ಶನದಲ್ಲಿ ಡೀಲರ್‌ಗಳ ಸ್ಟಾಲ್ ಇರುತ್ತದೆ. ಹೋಗುವಾಗ 'ಬೇಕು' ಪಟ್ಟಿ ಬರೆದುಕೊಂಡೇ ಹೋಗಿ. ಪಟ್ಟಿ ಇಲ್ಲದೆ ಹೋದರೆ ಚಂದ ಕಂಡದ್ದೆಲ್ಲಾ ಚೀಲಕ್ಕೆ ಬೀಳುತ್ತದೆ.

ಆ 'ಬೇಕು' ಪಟ್ಟಿಯಲ್ಲಿ ಏನಿರಬೇಕು

ಕಾರು ಹುಟ್ಟಿದ್ದು ಜರ್ಮನಿಯಲ್ಲಿ ತಾನೇ, ಅಲ್ಲಿಂದಲೇ ಶುರು ಮಾಡಿ. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. 50 ವರ್ಷ ತುಂಬಿದಾಗ, 1936ರಲ್ಲಿ, ಜರ್ಮನಿ ಎರಡು ಸ್ಟಾಂಪ್ ತಂದಿತು: 6 ಫೆನಿಗ್‌ಗೆ ಡೈಮ್ಲರ್, 12 ಫೆನಿಗ್‌ಗೆ ಬೆಂಜ್. 1961ರಲ್ಲಿ ಪಶ್ಚಿಮ ಜರ್ಮನಿ 75 ವರ್ಷದ ನೆನಪಿಗೆ ಮತ್ತೆರಡು ತಂದಿತು. 1939ರ ಬರ್ಲಿನ್ ಮೋಟಾರ್ ಪ್ರದರ್ಶನದ ಮೂರು ಸ್ಟಾಂಪ್‌ಗಳಲ್ಲಿ ಹಳೇ ಗಾಡಿಗಳಿವೆ, ರೇಸ್ ಕಾರುಗಳಿವೆ, ಫೋಕ್ಸ್‌ವ್ಯಾಗನ್ ಕೂಡ ಇದೆ. ನಾಜಿ ಸರ್ಕಾರ ಕಾರನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡ ಕಾಲ ಅದು. ಆಲ್ಬಮ್‌ನಲ್ಲಿ ಆ ಮಾತನ್ನೂ ಬರೆಯಿರಿ, ಬರೀ ಕಾರಿನ ಅಂದ ಹೊಗಳಿ ಬಿಡಬೇಡಿ.

ಅಮೆರಿಕದ 1901ರ ಸ್ಟಾಂಪ್ ಬಗ್ಗೆ ಆಗಲೇ ಹೇಳಿದೆ. ಅದನ್ನು ಎರಡು ಬಣ್ಣದಲ್ಲಿ ಎರಡು ಸಲ ಅಚ್ಚು ಹಾಕಿದ್ದರು, ಅಂಚು ಒಂದು ಸಲ, ಒಳಗಿನ ಕಪ್ಪು ಚಿತ್ರ ಇನ್ನೊಂದು ಸಲ. ಹಾಳೆ ತಿರುಗಿ ಹೋದರೆ ಕಾರು ತಲೆಕೆಳಗು! ಅಂಥ ಪ್ರತಿಗಳು ಇವೆ, ಆದರೆ ಅವು ಕೌಂಟರ್‌ನಲ್ಲಿ ಮಾರಾಟವಾದವಲ್ಲ, ನಮ್ಮ ಕೈಗೆ ಎಟುಕುವಂಥವೂ ಅಲ್ಲ. ಸಾಧಾರಣ ಪ್ರತಿ, ಅದರಲ್ಲೂ ಬಳಸಿದ್ದು, ಕಾದು ಕುಳಿತರೆ ಸಿಗುತ್ತದೆ. ಅದರ ಜೊತೆಗೆ 1912–13ರ ಪಾರ್ಸೆಲ್ ಪೋಸ್ಟ್ ಸರಣಿಯ 15 ಸೆಂಟಿನದನ್ನೂ ಪಟ್ಟಿಗೆ ಹಾಕಿ. ಅಂಚೆಗಾಗಿ ಓಡುವ ಮೋಟಾರು ಗಾಡಿ ಅದರಲ್ಲಿದೆ. ನಮ್ಮ 8 ಆಣೆಯ ಲಾರಿಗೆ ಅದು ಅಣ್ಣ ಇದ್ದ ಹಾಗೆ.

ಹೊಸಬರು ಮೊದಲು ಕೊಳ್ಳಬೇಕಾದ ಸೆಟ್ ಯಾವುದು ಅಂತ ಕೇಳಿದರೆ ನಾನು ಹೇಳುವುದು ಬ್ರಿಟನ್‌ನ 1982ರ ನಾಲ್ಕು ಸ್ಟಾಂಪ್. ಸುಲಭವಾಗಿ ಸಿಗುತ್ತವೆ, ಜೇಬಿಗೂ ಭಾರವಲ್ಲ, ಕಲಿಯಲು ಬೇಕಾದಷ್ಟಿದೆ. ಪ್ರತಿಯೊಂದರಲ್ಲೂ ಒಂದು ಹಳೇ ಕಾರು, ಒಂದು ಆಗಿನ ಹೊಸ ಕಾರು. ಆಸ್ಟಿನ್ ಸೆವೆನ್ ಜೊತೆ ಮೆಟ್ರೊ, ಫೋರ್ಡ್ ಮಾಡೆಲ್ ಟಿ ಜೊತೆ ಎಸ್ಕಾರ್ಟ್, ಜಾಗ್ವಾರ್ ಎಸ್‌ಎಸ್1 ಜೊತೆ ಎಕ್ಸ್‌ಜೆ6, ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಜೊತೆ ಸಿಲ್ವರ್ ಸ್ಪಿರಿಟ್. ಭೂತಗನ್ನಡಿ ಹಿಡಿದು ಹಳೇ ಹೊಸ ಕಾರಿನ ಹೆಡ್‌ಲೈಟ್, ಮಡ್‌ಗಾರ್ಡ್, ಚಕ್ರದ ಕಡ್ಡಿ ಹೋಲಿಸಿ ನೋಡಿ. ಬಿಡಿಬಿಡಿಯಾಗಿ ಅಂಟಿಸಿದಂತಿದ್ದ ಭಾಗಗಳು ಹೇಗೆ ಒಂದೇ ಮೈಯೊಳಗೆ ಸೇರಿಹೋದವು ಅನ್ನುವುದು ನಾಲ್ಕೇ ಸ್ಟಾಂಪ್‌ನಲ್ಲಿ ಗೊತ್ತಾಗುತ್ತದೆ.

ಅದಾದ ಮೇಲೆ ಹೆನ್ರಿ ಫೋರ್ಡ್ ಅವರ 1968ರ ಅಮೆರಿಕದ 12 ಸೆಂಟಿನದು ತನ್ನಿ. ಅದರಲ್ಲಿ ಫೋರ್ಡ್ ಮುಖದ ಜೊತೆ 1909ರ ಮಾಡೆಲ್ ಟಿ ಇದೆ. ಬ್ರಿಟನ್ ಸ್ಟಾಂಪ್‌ನ ಮಾಡೆಲ್ ಟಿ ಪಕ್ಕ ಇಟ್ಟು ನೋಡಿ. 1908ರಿಂದ 1927ರ ತನಕ ಒಂದೂವರೆ ಕೋಟಿ ತಯಾರಾದ ಕಾರು ಅದು. 1916ರ ಮಾಡೆಲ್ ತನಕ ಹಿತ್ತಾಳೆಯ ಹೊಳೆಯುವ ರೇಡಿಯೇಟರ್ ಇತ್ತು, ಆಮೇಲೆ ಕಪ್ಪಾಯಿತು. ಇಂಥ ಒಂದು ಗುರುತು ಗೊತ್ತಿದ್ದರೆ ಯಾವ ದೇಶದ ಸ್ಟಾಂಪ್ ಬಂದರೂ ಅದರೊಳಗಿನ ಕಾರು ಯಾವ ಕಾಲದ್ದು ಅಂತ ಅಂದಾಜು ಮಾಡಬಹುದು.

ಇನ್ನುಳಿದವನ್ನು ಬೇಗ ಹೇಳಿಬಿಡುತ್ತೇನೆ: ಮೊನಾಕೊದ 1961ರ ಹಳೇ ಕಾರುಗಳ ಸರಣಿ, ಅಮೆರಿಕದ 1988ರ ಐದು ಕ್ಲಾಸಿಕ್ ಕಾರು, ಜರ್ಸಿ ದ್ವೀಪದ 1989ರ ವಿಂಟೇಜ್ ಕಾರು, ಬ್ರಿಟನ್‌ನ 1996ರ ಸ್ಪೋರ್ಟ್ಸ್ ಕಾರು ಮತ್ತು 2013ರ ಆರು ಕಾರು, ಇದರಲ್ಲಿ ಜಾಗ್ವಾರ್ ಇ ಟೈಪ್, ಆಸ್ಟನ್ ಮಾರ್ಟಿನ್ ಡಿಬಿ5 ಇವೆ. ಭೂತಾನ್ 1971ರಲ್ಲಿ ತಂದ ಕಾರುಗಳು ಮಕ್ಕಳಿಗೆ ತೋರಿಸಲು ಬಲು ಚೆಂದ. ಅವು ಗೆರೆಗೆರೆಯ ಪ್ಲಾಸ್ಟಿಕ್‌ನಲ್ಲಿ ಮಾಡಿದ ತ್ರೀಡಿ ಸ್ಟಾಂಪ್‌ಗಳು, ಅಲ್ಲಾಡಿಸಿದರೆ ಕಾರು ಮುಂದೆ ಬಂದ ಹಾಗೆ ಕಾಣುತ್ತದೆ.

ಕೈ ಸುಟ್ಟುಕೊಳ್ಳದಿರಲು

'500 ಕಾರ್ ಸ್ಟಾಂಪ್, ಎಲ್ಲಾ ಬೇರೆ ಬೇರೆ' ಅನ್ನುವ ಪ್ಯಾಕೆಟ್ ಆನ್‌ಲೈನ್‌ನಲ್ಲಿ ಕಂಡೀತು. ನಾನೂ ಒಮ್ಮೆ ತರಿಸಿದ್ದೆ. ಬಿಚ್ಚಿ ನೋಡಿದರೆ ಮುಕ್ಕಾಲು ಪಾಲು ಫುಜೈರಾ, ಅಜ್ಮಾನ್, ಉಮ್ ಅಲ್ ಕ್ವೈನ್ ಹೆಸರಿನವು. 1960ರ ದಶಕದ ಕೊನೆ, 70ರ ದಶಕದ ಶುರುವಿನಲ್ಲಿ ಈ ಕೊಲ್ಲಿ ಸಂಸ್ಥಾನಗಳ ಹೆಸರಿನಲ್ಲಿ ಏಜೆಂಟರು ಸಂಗ್ರಹಕಾರರಿಗೆಂದೇ ರಾಶಿ ರಾಶಿ ಅಚ್ಚು ಹಾಕಿಸಿದರು. ಕಾರು, ಹಕ್ಕಿ, ರಾಕೆಟ್ ಏನು ಬೇಕೋ ಅದೆಲ್ಲಾ. ಬಣ್ಣ ಚಂದ, ಬೆಲೆ ಮಾತ್ರ ಏರುವುದಿಲ್ಲ. ಒಂದೆರಡು ಇರಲಿ, ರಾಶಿ ಬೇಡ.

ಇವುಗಳ ಮುದ್ರೆ ನೋಡಿ. ನಿಜವಾಗಿ ಪತ್ರದ ಮೇಲೆ ಓಡಾಡಿದ ಸ್ಟಾಂಪ್‌ನಲ್ಲಿ ಮುದ್ರೆ ಎಲ್ಲೆಂದರಲ್ಲಿ ಬಿದ್ದಿರುತ್ತದೆ, ಹಿಂದೆ ಅಂಟು ಇರುವುದಿಲ್ಲ. ಇವುಗಳಲ್ಲಿ ಮುದ್ರೆ ಅಳತೆ ಮಾಡಿದ ಹಾಗೆ ಒಂದು ಮೂಲೆಯಲ್ಲಿ ಕಾಲು ಭಾಗ ಮಾತ್ರ, ಹಿಂದೆ ಅಂಟು ಪೂರ್ತಿ ಹೊಸದು. ಅಂದರೆ ಅಂಚೆಗೆ ಹೋಗದೆ, ಹಾಳೆಯಲ್ಲೇ ಮುದ್ರೆ ಒತ್ತಿ ಮಾರಿದ್ದು. ಇದಕ್ಕೆ ಸಿಟಿಒ ಅನ್ನುತ್ತಾರೆ.

1980ರ ದಶಕದ ಮಧ್ಯದಲ್ಲಿ ಟುವಾಲು, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್ ಮೊದಲಾದ ದ್ವೀಪ ದೇಶಗಳ ಹೆಸರಲ್ಲಿ ಬಂದ ಕಾರು ಸ್ಟಾಂಪ್‌ಗಳೂ ಜೋಡಿ ಜೋಡಿಯಾಗಿ ಸಿಗುತ್ತವೆ. ಒಂದರಲ್ಲಿ ಕಾರಿನ ಮುಂದೆ, ಹಿಂದೆ, ಪಕ್ಕದ ನೋಟ, ಇನ್ನೊಂದರಲ್ಲಿ ಬಣ್ಣದ ಪೂರ್ತಿ ಚಿತ್ರ. ಇವೂ ಮಾರಾಟಕ್ಕೆಂದೇ ಮಾಡಿದವು, ಆದರೆ ಕಾರಿನ ವಿನ್ಯಾಸ ಕಲಿಯಲು ಇದಕ್ಕಿಂತ ಒಳ್ಳೆ ಸ್ಟಾಂಪ್ ನನಗೆ ಸಿಕ್ಕಿಲ್ಲ. ನಾನು ಇಟ್ಟುಕೊಂಡಿದ್ದೇನೆ. ಕೊಂಡರೆ ಜೋಡಿ ಬಿಡಿಸದೆ ಕೊಳ್ಳಿ.

ಪೂರ್ತಿ ನಕಲಿ ಬೇರೆ ವಿಷಯ. ಆಫ್ರಿಕಾದ ಯಾವುದೋ ದೇಶದ ಹೆಸರು ಹಾಕಿ, ಆ ದೇಶದ ಅಂಚೆ ಇಲಾಖೆಗೆ ಗೊತ್ತೇ ಇಲ್ಲದೆ ಫೆರಾರಿ ಶೀಟ್ ಅಚ್ಚು ಹಾಕುವವರಿದ್ದಾರೆ. 2002ರಿಂದ ಈಚಿನದಾದರೆ, ದೇಶಗಳು ಅಧಿಕೃತವಾಗಿ ತಂದ ಸ್ಟಾಂಪ್‌ಗಳನ್ನು ದಾಖಲಿಸುವ ವಿಶ್ವ ಅಂಚೆ ಒಕ್ಕೂಟದ ಡಬ್ಲ್ಯುಎನ್‌ಎಸ್ ಪಟ್ಟಿಯಲ್ಲಿ ಅದರ ನಂಬರ್ ಇದೆಯಾ ನೋಡಿ. ಎಲ್ಲಾ ದೇಶಗಳೂ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಸ್ಟಾನ್ಲಿ ಗಿಬ್ಬನ್ಸ್, ಸ್ಕಾಟ್ ಅಥವಾ ಮಿಶೆಲ್ ಕ್ಯಾಟಲಾಗ್‌ನಲ್ಲೂ ಹುಡುಕಿ. ಎಲ್ಲೂ ಇಲ್ಲದಿದ್ದರೆ ಕೈ ಹಾಕಬೇಡಿ.

ನೆನೆಸಿ ಬಿಡಿಸುವುದು

ಲಕೋಟೆಯ ಮೇಲಿರುವ ಸ್ಟಾಂಪ್ ಬಿಡಿಸುವ ಮೊದಲು ಎರಡು ಸಲ ಯೋಚಿಸಿ. ಮುದ್ರೆಯಲ್ಲಿ ಊರು, ತಾರೀಕು ಸ್ಪಷ್ಟ ಇದ್ದರೆ ಇಡೀ ಲಕೋಟೆ ಇಟ್ಟುಕೊಳ್ಳುವುದೇ ಲೇಸು. ಬಿಡಿಸಲೇಬೇಕಾದರೆ ಸುತ್ತ ಒಂದು ಬೆರಳಗಲ ಕಾಗದ ಬಿಟ್ಟು ಕತ್ತರಿಸಿ, ಅಗಲ ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರಿಗೆ ಮುಖ ಮೇಲಾಗಿ ತೇಲಿಬಿಡಿ. 15–20 ನಿಮಿಷದಲ್ಲಿ ತಾನಾಗೇ ಜಾರುತ್ತದೆ. ಜಾರದಿದ್ದರೆ ಇನ್ನೂ ಕಾಯಿರಿ, ಎಳೆಯಬೇಡಿ. ಹಿಂದಿನ ಅಂಟನ್ನು ಬೆರಳಿಂದ ಮೆಲ್ಲಗೆ ತೊಳೆದು, ಬಿಳಿ ಬ್ಲಾಟಿಂಗ್ ಕಾಗದದ ಮೇಲೆ ಮಕಾಡೆ ಹಾಕಿ, ಅರೆಬರೆ ಒಣಗಿದ ಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ. ನ್ಯೂಸ್‌ಪೇಪರ್ ಮೇಲೆ ಒಣಗಿಸಬೇಡಿ, ಮಸಿ ಹತ್ತುತ್ತದೆ.

ಕೆಂಪು, ಹಳದಿ ಬಣ್ಣದ ಲಕೋಟೆಯವನ್ನು ಬೇರೆ ಬಟ್ಟಲಲ್ಲೇ ನೆನೆಸಿ. ಬಣ್ಣ ಬಿಟ್ಟರೆ ಒಟ್ಟಿಗಿದ್ದ ಸ್ಟಾಂಪ್‌ಗಳೆಲ್ಲಾ ಹಾಳು. ಹೊಸ, ಬಳಸದ ಸ್ಟಾಂಪ್‌ಗೆ ನೀರು ತಾಗಿಸಲೇಬಾರದು. ಭೂತಾನಿನ ತ್ರೀಡಿ ಸ್ಟಾಂಪ್‌ಗಂತೂ ನೀರು ಬೇಡವೇ ಬೇಡ.

ಗುರುತು ಹಿಡಿಯುವುದು

ಹಲ್ಲು ಅಂದರೆ 2 ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಅನ್ನುವ ಲೆಕ್ಕ. ಚಿತ್ರ ಒಂದೇ ಆಗಿದ್ದು ಹಲ್ಲು ಬೇರೆಯಾದರೆ ಕ್ಯಾಟಲಾಗ್‌ನಲ್ಲಿ ಅದು ಬೇರೆಯೇ ಸ್ಟಾಂಪ್ ಆಗಬಹುದು. ಕಾಗದ ಮಾಡುವಾಗಲೇ ಅದರೊಳಗೆ ಮೂಡಿಸಿದ ನೀರುಗುರುತು ನೋಡಲು ಸ್ಟಾಂಪನ್ನು ಕಪ್ಪು ತಟ್ಟೆಯಲ್ಲಿ ಮಕಾಡೆ ಇಟ್ಟು ಓರೆ ಬೆಳಕಿನಲ್ಲಿ ನೋಡಿ. ನಮ್ಮ 8 ಆಣೆಯ ಲಾರಿಯ ಹಿಂದೆ ಸಾಲು ಸಾಲು ನಕ್ಷತ್ರಗಳು ಕಾಣುತ್ತವೆ. ಮೊದಲ ಸಲ ಅವು ಕಂಡಾಗ ನಾನು ಮನೆಯವರನ್ನೆಲ್ಲಾ ಕರೆದು ತೋರಿಸಿದ್ದೆ.

ಬೆಂಗಳೂರಿನ ಮಳೆಗಾಲ

ಜೂನ್‌ನಿಂದ ಅಕ್ಟೋಬರ್ ತನಕ ಗೋಡೆ ತೇವ ಎಳೆಯುತ್ತದೆ. ಸ್ಟಾಕ್‌ಬುಕ್‌ಗಳನ್ನು ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ. ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿ ಇಡಿ. ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಿಸಿಲು ಬಂದ ದಿನ ಪುಟ ತಿರುವಿ ಗಾಳಿ ಆಡಿಸಿ, ಆದರೆ ಬಿಸಿಲಿಗೇ ಇಡಬೇಡಿ. ಕಂದು ಚುಕ್ಕೆ ಬಂದ ಸ್ಟಾಂಪನ್ನು ತಕ್ಷಣ ಬೇರೆ ಮಾಡಿ. ಅದು ಬೂಷ್ಟಿನ ಕೆಲಸ, ಪಕ್ಕದ್ದಕ್ಕೂ ಹರಡುತ್ತದೆ.

ಪುಟ ಬರೆಯುವುದು

ಎ4 ಹಾಳೆಯಲ್ಲಿ ನಾಲ್ಕೈದಕ್ಕಿಂತ ಜಾಸ್ತಿ ಸ್ಟಾಂಪ್ ಬೇಡ. ದೇಶ, ವರ್ಷ, ವಾಹನದ ಹೆಸರು ಬರೆಯಿರಿ. ಅದಕ್ಕಿಂತ ಮುಖ್ಯವಾಗಿ, ಇದು ಈ ಪುಟದಲ್ಲಿ ಯಾಕಿದೆ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಕನ್ನಡದಲ್ಲೇ, ನಿಮ್ಮ ಕೈಬರಹದಲ್ಲೇ ಬರೆಯಿರಿ. ಆ ಒಂದು ಸಾಲು ಬರೆಯಲು ಆಗದಿದ್ದರೆ ಆ ಸ್ಟಾಂಪ್ ಆ ಪುಟಕ್ಕೆ ಸೇರಿದ್ದಲ್ಲ, ಸ್ಟಾಕ್‌ಬುಕ್‌ಗೆ ವಾಪಸ್ ಹಾಕಿ. ಬೆಲೆಬಾಳುವುದನ್ನು ಮೌಂಟ್ ಅನ್ನುವ ಪಾರದರ್ಶಕ ಚೀಲದಲ್ಲಿ ಇಡಿ. ಬಳಸಿದ ಸಾಧಾರಣ ಸ್ಟಾಂಪ್‌ಗೆ ಹಿಂಜ್, ಅಂದರೆ ಮಡಚಿ ಅಂಟಿಸುವ ಸಣ್ಣ ಕಾಗದದ ಪಟ್ಟಿ ಸಾಕು. ಹೊಸ ಸ್ಟಾಂಪ್‌ನ ಅಂಟಿನ ಮೇಲೆ ಹಿಂಜ್ ಹಚ್ಚಿದರೆ ಬೆಲೆ ಇಳಿಯುತ್ತದೆ.

ಇಂಥ 16 ಹಾಳೆ ಆದರೆ ಪ್ರದರ್ಶನದ ಒಂದು ಫ್ರೇಮ್ ತುಂಬುತ್ತದೆ. ಒಂದೇ ಫ್ರೇಮ್‌ನ ವಿಭಾಗವೂ ಇರುತ್ತದೆ, ಧೈರ್ಯ ಮಾಡಿ ಹಾಕಿ. ನನ್ನ ಎಲೆಕ್ಟ್ರಿಕ್ ಕಾರಿನ ಕಥೆ ಈಗ 11 ಹಾಳೆಗೆ ಬಂದು ನಿಂತಿದೆ.

ಕೊನೆಯದಾಗಿ ಈ ವಾರವೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. 2017ರ ಸರಣಿಯ ಒಂದು ಕಾರು ಸ್ಟಾಂಪ್ ಡಬಲ್ ಇದ್ದರೆ ಅದನ್ನು ಬಿಳಿ ಲಕೋಟೆಗೆ ಬಲಗಡೆ ಮೇಲೆ ಅಂಟಿಸಿ, ದರ ಸಾಲದಿದ್ದರೆ ಪಕ್ಕದಲ್ಲಿ ಇನ್ನೊಂದು ಹಚ್ಚಿ, ನಿಮ್ಮದೇ ವಿಳಾಸ ಬರೆದು, ಒಳಗೆ ಒಂದು ಗಟ್ಟಿ ಕಾರ್ಡ್ ಇಟ್ಟು ಜಿಪಿಒ ಕೌಂಟರ್‌ಗೆ ಕೊಡಿ. ಡಬ್ಬಕ್ಕೆ ಹಾಕಬೇಡಿ. 'ಕೈಯಿಂದ ಮುದ್ರೆ ಒತ್ತಿ ಕೊಡಿ, ತಾರೀಕು ಕಾಣೋ ಹಾಗೆ' ಅಂತ ಕೇಳಿ. ಮನೆಗೆ ಬಂದ ಮೇಲೆ ಬಿಡಿಸದೆ, ಇಡೀ ಲಕೋಟೆಯನ್ನೇ ಆಲ್ಬಮ್‌ಗೆ ಸೇರಿಸಿ.